ದೊಡ್ಡಣ್ಣನ ಗಾಡಿಯ ಮುಂದಿನ ಚಕ್ರಗಳು

ಗಿರಾಕಿ ಬಾಯಿ ಬಿಡುವ ಮೊದಲೇ ಅವರ ಚಪ್ಪಲಿ ನೋಡಿ ಅಂದಾಜು ಕಟ್ಟುವುದು ಸಾಹುಕಾರನ ಅಭ್ಯಾಸ. ಹೆಸರಿಗಷ್ಟೇ ಸಾಹುಕಾರ. ಪರದೇಶದ ಆ ಊರಿನಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರುತ್ತ, ಬೇಕಾದವರಿಗೆ ಗಾಡಿಯನ್ನೂ ಕುದುರಿಸಿಕೊಡುತ್ತಿದ್ದವನಿಗೆ ಅಲ್ಲಿದ್ದ ನಮ್ಮ ಜನ ತಮಾಷೆಗೆ ಇಟ್ಟ ಹೆಸರು ಅದು.

ಸಿಸ್ಟರನ್ನು ಅವನು ತೂಗಿದ್ದು ಹೀಗೆ. ಕಾಲಲ್ಲಿ ಗಂಡಸರ ಬೂಟು, ಅದರ ಹೊಲಿಗೆಯ ಸಂದಿನಲ್ಲಿ ಒಣಗಿದ ಕೆಸರು. ಎತ್ತರ ಕಡಿಮೆ, ಧ್ವನಿ ಜಾಸ್ತಿ. ವಯಸ್ಸು ನಲವತ್ತೈದರ ಆಸುಪಾಸು; ಮುಂಗೈ ಮಾತ್ರ ಮೂಟೆ ಹೊರುವವರದ್ದು. ಬೆಲೆ ಕೇಳುತ್ತಾಳೆ, ಚೌಕಾಸಿ ಮಾಡುವುದಿಲ್ಲ. ವ್ಯಾಪಾರಕ್ಕೆ ಅಂಥವರೇ ಕಂಟಕ. ಚೌಕಾಸಿಯವರಿಗೆ ನಾಲ್ಕು ಕಾಸು ಬಿಟ್ಟರೆ ಗೆದ್ದೆವೆಂದು ಮಾಲು ನೋಡದೆ ಹೋಗುತ್ತಾರೆ. ಈಕೆ ಮಾಲನ್ನೇ ನೋಡುತ್ತಾಳೆ. ಕೋಪದ ದಾಸ್ತಾನು ಬೇಕಾದಷ್ಟು. ದಾಕ್ಷಿಣ್ಯ ಎಂಬ ಸರಕು ಅಂಗಡಿಗೇ ಬಂದಿಲ್ಲ.

ಎದುರಿಗೆ ಸಿಸ್ಟರ್ ಅನ್ನುವವರು ಬೆನ್ನ ಹಿಂದೆ ಸಿಡಿಮದ್ದು ಅನ್ನುತ್ತಿದ್ದರು. ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಆಕೆಯದು. ಗಂಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಬೋರ್ಡಿನ ಮುಂದೆ ಬಿಟ್ಟರೆ ಬೇರೆಲ್ಲೂ ದನಿ ಎತ್ತದವರು. ವಾರಕ್ಕೆರಡು ಸಲ ಆಕೆ ಗುಡ್ಡದ ಮೇಲಿನ ಕಲ್ಲುಗಣಿ ಕೆಲಸದವರ ಕೇರಿಗೆ ಹೋಗಬೇಕಿತ್ತು. ದಾರಿಯಲ್ಲೊಂದು ಹೊಳೆ, ಅದಕ್ಕೆ ಸೇತುವೆಯಿಲ್ಲ. ಆಸ್ಪತ್ರೆಯ ಗಾಡಿ ಮೂಲೆ ಸೇರಿತ್ತು. ‘ನೀವೇ ಒಂದು ಗಾಡಿ ಇಟ್ಟುಕೊಳ್ಳಿ, ಪೆಟ್ರೋಲು ನಮ್ಮದು’ ಎಂದು ಮೇಲಿನವರು ಕೈತೊಳೆದುಕೊಂಡಿದ್ದರು. ಮಳೆ ಹಿಡಿಯುವುದರೊಳಗೆ ಆಕೆಗೆ ಫೋರ್ ವೀಲ್ ಗಾಡಿ ಬೇಕಿತ್ತು, ಹಳೆಯದಾದರೂ ಸರಿ. ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿ ಹೊಳೆಯ ಮರಳಲ್ಲಿ ಹೂತುಕೊಳ್ಳುತ್ತದೆ. ನಾಲ್ಕೂ ಎಳೆದರೆ ಎದ್ದು ಬರುತ್ತದೆ. ಅಷ್ಟೇ ವಿದ್ಯೆ.

ಅದೇ ಹೊತ್ತಿಗೆ ದೊಡ್ಡಣ್ಣ ಎಲ್ಲ ಮುಗಿಸಿ ಸ್ವದೇಶಕ್ಕೆ ಹೊರಟರು. ಕಂಪನಿಯಲ್ಲಿ ದೊಡ್ಡ ಹುದ್ದೆಯವರು. ಹೊಸದಾಗಿ ಬಂದ ನಮ್ಮವರಿಗೆ ಮನೆ ಹುಡುಕಿಕೊಟ್ಟವರು, ಗಂಡಹೆಂಡಿರ ಜಗಳ ಬಿಡಿಸಿದವರು. ಅವರು ಮಾರುವ ವಸ್ತುವನ್ನು ತಿರುಗಿಸಿ ನೋಡುವುದೆಂದರೆ ಅವರ ಮುಖಕ್ಕೇ ಟಾರ್ಚು ಬಿಟ್ಟ ಹಾಗೆ. ಮಂಚ, ಹೊಲಿಗೆ ಯಂತ್ರ, ಫ್ರಿಜ್ಜು ಎಲ್ಲವೂ ಹಾಗೇ ಸಾಗಿದವು. ಕೊಂಡವರ ಮನೆಯಲ್ಲಿ ಫ್ರಿಜ್ಜು ಆಗಲೇ ಬಟ್ಟೆಯ ಬೀರುವಾಗಿತ್ತು; ಪಿಟ್ಟೆಂದವರಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಅವರಿಗೆಲ್ಲ ಬಾಯಿಪಾಠ. ಅರ್ಥ ಗೊತ್ತಿದ್ದದ್ದು ಹೆರಿಗೆ ಮಾಡಿಸುವವಳಿಗೆ ಮಾತ್ರ.

ಗಾಡಿಯ ವಿಷಯ ತೆಗೆದವನು ಸಾಹುಕಾರನೇ. “ದೊಡ್ಡಣ್ಣಂದು ಸಿಸ್ಟರ್. ಕಣ್ಮುಚ್ಕೊಂಡು ತಗೊಳ್ಳಿ.”

“ಕಣ್ಮುಚ್ಕೊಂಡು ಓಡ್ಸಕ್ಕಾಗುತ್ತಾ?” ಎಂದಳು ಆಕೆ.

ಭಾನುವಾರ ಮಧ್ಯಾಹ್ನ ದೊಡ್ಡಣ್ಣನ ಹಿತ್ತಲಲ್ಲಿ ಬೀಳ್ಕೊಡುಗೆಯ ಚಹಾ. ಒಂದು ಕಡೆ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು, ತಂತಿಯ ಮೇಲೆ ಒಣಗಿದ ಬಿಳಿ ಹೊದಿಕೆಗಳು, ಬಟ್ಟೆ ಒಗೆದ ನೀರು ಹರಿದು ಕಿಚಿಪಿಚಿ ಕೆಸರಾದ ಮೂಲೆ. ನಡುವೆ ಗಾಡಿ. ಹದಿನಾರು ವರ್ಷದ ಮುದಿಗಾಡಿಗೆ ಮೇಣ ತಿಕ್ಕಿ ತಿಕ್ಕಿ ಮದುಮಗನ ಕಳೆ ತಂದಿದ್ದರು.

“ಫೋರ್ ವೀಲ್ ಕೆಲ್ಸ ಮಾಡುತ್ತಾ?” ಎಂದು ಸಿಸ್ಟರ್ ಕೇಳಿದಳು.

ದೊಡ್ಡಣ್ಣ ನಕ್ಕರು. ಒಳಗೆ ಕೂತು, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚಿಕ್ಕ ಗೇರಿನ ಕಡ್ಡಿ ಎಳೆದರು. ಸ್ಟೀರಿಂಗಿನ ಮುಂದೆ ಪುಟ್ಟ ಹಸಿರು ದೀಪ ಹತ್ತಿತು. “ನೋಡಮ್ಮ. ಹತ್ತಿತಾ?”

ಸುತ್ತ ನಿಂತವರೆಲ್ಲ ತಲೆಯಾಡಿಸಿದರು.

“ಲೈಟು ಹತ್ತಿದ್ರೆ ಗುಡ್ಡ ಹತ್ತುತ್ತಾ ಸಾರ್? ಇಳೀರಿ ಸ್ವಲ್ಪ.”

“ನಿಧಾನ ಕಣೇ,” ಎಂದು ಮೇಷ್ಟ್ರು ಚಹಾದ ಲೋಟಕ್ಕೆ ಹೇಳಿದರು. ಆಕೆ ಆಗಲೇ ಚಾಲಕನ ಸೀಟಿನಲ್ಲಿದ್ದಳು. ಗಾಡಿಯನ್ನು ಹಿಂದಕ್ಕೆ ಬಿಟ್ಟು, ಹಿಂದಿನ ಎರಡು ಚಕ್ರ ಕೆಸರಿನ ಮೂಲೆಗೆ ಇಳಿಯುವಂತೆ ನಿಲ್ಲಿಸಿದಳು. ಮುಂದಿನವು ಗಟ್ಟಿ ನೆಲದ ಮೇಲೆ. ಹಸಿರು ದೀಪ ಉರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದಳು.

ಹಿಂದಿನ ಚಕ್ರಗಳು ಬುಸುಗುಟ್ಟಿ ಕೆಸರನ್ನು ಎತ್ತಿ ಎತ್ತಿ ಎಸೆದವು. ಬಿಳಿ ಹೊದಿಕೆಗಳು ಚಿರತೆಯ ಚರ್ಮವಾದವು. ಇಸ್ತ್ರಿಯ ಅಂಗಿ ತೊಟ್ಟವರು ಪೆಟ್ಟಿಗೆಗಳ ಹಿಂದೆ ಓಡಿದರು. ಮುಂದಿನ ಚಕ್ರಗಳು ಮಾತ್ರ ಗಂಡಿನ ಕಡೆಯವರ ಹಾಗೆ ನಿಂತಲ್ಲೇ ನಿಂತಿದ್ದವು.

ಸಾಹುಕಾರ ಗಾಡಿಯ ಅಡಿಗೆ ತೂರಿದ. ಗೇರುಪೆಟ್ಟಿಗೆಯಿಂದ ಮುಂದಿನ ಚಕ್ರಗಳ ಕಡೆಗೆ ಒಂದು ಕಬ್ಬಿಣದ ಶಾಫ್ಟು ಹೋಗಬೇಕು; ಎಂಜಿನ್ನಿನ ಶಕ್ತಿ ಮುಂದಕ್ಕೆ ಮುಟ್ಟುವುದು ಅದರಿಂದ. ಅದು ಇರಬೇಕಾದ ಜಾಗದಲ್ಲಿ ಗಾಳಿ ಇತ್ತು. ಕಡ್ಡಿ ಎಳೆದರೆ ದೀಪವೇನೋ ಹತ್ತುತ್ತದೆ, ಪಾಪ, ಅದಕ್ಕೇನು ಗೊತ್ತು! ಅವನು ಬೇಕೆಂದೇ ಅಲ್ಲಿ ಹೆಚ್ಚು ಹೊತ್ತು ಮಲಗಿದ. ಹೊರಗೆ ಬಂದರೆ ಮಾತಾಡಬೇಕಾಗುತ್ತದೆ.

“ಏನ್ ಸಾಹುಕಾರ್ರೇ?” ಎಂದರು ದೊಡ್ಡಣ್ಣ.

“ಸ್ವಲ್ಪ ಕೆಲ್ಸ ಇದೆ ಅಣ್ಣ,” ಎಂದ, ಮಂಡಿಯ ಮಣ್ಣು ಕೊಡವುತ್ತ.

“ಸ್ವಲ್ಪಾನಾ?” ಸಿಸ್ಟರ್ ಕೆಳಗಿಳಿದು ತಾನೇ ಬಗ್ಗಿ ನೋಡಿದಳು. ನೆಟ್ಟಗಾದಾಗ ಮುಖ ಕೆಂಪಾಗಿತ್ತು. “ರೀ, ಬಗ್ಗಿ ನೋಡಿ. ನಾಲ್ಕರಲ್ಲಿ ಎರಡು ಕಳೆದ್ರೆ ಎಷ್ಟು ಅಂತ ಇವ್ರಿಗೆ ಹೇಳಿ. ಮುಂದಿನ ಶಾಫ್ಟೇ ಇಲ್ಲ!”

ದೊಡ್ಡಣ್ಣನ ನಗು ಕೆಡಲಿಲ್ಲ. “ಓ ಅದಾ? ಗಡಗಡ ಅಂತ ಸದ್ದು ಮಾಡ್ತಿತ್ತಮ್ಮ, ಬಿಚ್ಚಿಸಿ ಎಸೆದೆ. ಇಷ್ಟು ವರ್ಷ ನಂಗೇನೂ ತೊಂದ್ರೆ ಆಗಿಲ್ಲ.”

“ನೀವು ಆಫೀಸಿಂದ ಕ್ಲಬ್ಬಿಗೆ ಹೋದ್ರಿ. ನಾನು ಹೊಳೆ ದಾಟ್ಬೇಕು. ಗೊತ್ತಿದ್ದೂ ಲೈಟ್ ತೋರ್ಸಿದ್ರಲ್ಲ?”

ಪೆಟ್ಟಿಗೆಗಳ ಹಿಂದಿನಿಂದ ಯಾರೋ ಅಂದರು: “ದೊಡ್ಡವರ ಹತ್ರ ಹೀಗಾ ಸಿಸ್ಟರ್ ಮಾತಾಡೋದು? ಗಾಡಿ ಬೇಡ ಅಂದ್ರೆ ಬೇಡ ಅನ್ನಿ.” ಇನ್ನೊಬ್ಬರು: “ಹೊರಡೋ ಹೊತ್ನಲ್ಲಿ ಮನಸು ನೋಯಿಸ್ಬಾರ್ದಪ್ಪ.”

ಆಕೆ ಅತ್ತ ತಿರುಗಿದಳು. “ಹೋದ ಮಳೆಗಾಲದಲ್ಲಿ ಆ ಹೊಳೆಯಲ್ಲಿ ಆಸ್ಪತ್ರೆ ಗಾಡಿ ಹೂತ್ಕೊಳ್ತು. ಒಳಗೆ ನೋವು ತಿಂತಿರೋ ಹುಡುಗಿ, ಚೊಚ್ಚಲು. ಯಾರದೋ ಮನೆ ಬಾಗಿಲು ಕಿತ್ತು, ಅದ್ರ ಮೇಲೆ ಮಲಗಿಸಿ ನಾಲ್ಕು ಜನ ಹೊತ್ಕೊಂಡು ಬಂದ್ವಿ. ಅವ್ಳು ಉಳಿದ್ಲು. ಕೂಸು ಉಳೀಲಿಲ್ಲ. ಈ ಮಳೆಗೆ ಇದೇ ಗಾಡಿ ತಗೊಂಡು ಹೋಗಿದ್ರೆ? ಹಸಿರು ಲೈಟ್ ಹಾಕ್ಕೊಂಡು ಕೂತಿರ್ಬೇಕಿತ್ತಾ ಹೊಳೇಲಿ? ಆಗ ಯಾರ ಮನಸು ನೋಯ್ತಿತ್ತು?”

ಆಗ ಮೇಷ್ಟ್ರು ಲೋಟ ಕೆಳಗಿಟ್ಟರು. ಬಗ್ಗಿದರು, ನೋಡಿದರು, “ಇಲ್ಲ. ಶಾಫ್ಟು ಇಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಗಲೇ ಗೇಟಿನತ್ತ ನಡೆದಿದ್ದ ಹೆಂಡತಿಯ ಹಿಂದೆಯೇ ಹೊರಟುಹೋದರು.

ಅವರ ಬೆನ್ನು ಮರೆಯಾದದ್ದೇ ತಡ, ಬಾಯಿಗಳು ಬಿಚ್ಚಿದವು. ‘ಹೆಣ್ಣಿಗೆ ಅಷ್ಟು ಸಿಟ್ಟು ಒಳ್ಳೇದಲ್ಲ.’ ‘ಮೇಷ್ಟ್ರು ಸಡಿಲ ಬಿಟ್ಟಿದ್ದಾರೆ.’ ಹೊದಿಕೆಯ ಕಲೆ ಹೋಗುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಚರ್ಚೆಯಾಯಿತು. ಶಾಫ್ಟಿನ ಮಾತು ಯಾರೂ ಎತ್ತಲಿಲ್ಲ. ಸಾಹುಕಾರನೂ ಎತ್ತಲಿಲ್ಲ. ಬಿಸ್ಕತ್ತು ತಿಂದ.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಅದೇ ಬೂಟು.

“ಮಳೆಗೆ ಮುಂಚೆ ಬೇರೆ ಫೋರ್ ವೀಲ್ ಸಿಗುತ್ತಾ?”

“ಕಷ್ಟ ಸಿಸ್ಟರ್.”

“ಹಾಗಾದ್ರೆ ಅದಕ್ಕೇ ಶಾಫ್ಟ್ ಹುಡುಕಿ. ಎರಡು ಚಕ್ರದ ಗಾಡಿಗೆ ಎರಡು ಚಕ್ರದ ಬೆಲೆ ಅಂತ ನಿಮ್ಮಣ್ಣಂಗೆ ಹೇಳಿ. ಕೂರಿಸಿ, ಅದೇ ಕೆಸರಿಂದ ಎತ್ತಿ ತೋರ್ಸಿ. ಆಮೇಲೆ ತಗೋತೀನಿ. ಮತ್ತೆ ನೀವು...” ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಅಡೀಲಿ ಮಲಗಿದ್ರಲ್ಲ, ನಿದ್ದೆ ಬಂದಿತ್ತಾ?”

ಅವನು ಗುಜರಿಗಳನ್ನೆಲ್ಲ ಜಾಲಾಡಿದ. ಬಂಡೆಗೆ ಗುದ್ದಿ ಸತ್ತ ಗಾಡಿಯೊಂದರ ಹೊಟ್ಟೆಯಲ್ಲಿ ಶಾಫ್ಟು ಸಿಕ್ಕಿತು. ಕೂರಿಸುವಾಗ ಆಕೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು, ಒಂದು ಬೋಲ್ಟನ್ನೂ ನಂಬದೆ. ಕೆಸರಿನಲ್ಲಿ ಈ ಸಲ ಮುಂದಿನ ಚಕ್ರಗಳು ನೆಲ ಕಚ್ಚಿ ಎಳೆದವು, ಗಾಡಿ ಗಕ್ಕನೆ ಎದ್ದು ಬಂತು. ಹೊರಡುವ ತರಾತುರಿಯಲ್ಲಿದ್ದ ದೊಡ್ಡಣ್ಣ ಆಕೆ ಹೇಳಿದ ಬೆಲೆಗೇ ಬಿಟ್ಟರು, ದಾನ ಮಾಡಿದವರ ಮುಖ ಮಾಡಿಕೊಂಡು.

ಮಳೆ ಹಿಡಿಯಿತು. ಹೊಳೆ ಬಂತು. ಗಾಡಿ ಗುಡ್ಡ ಹತ್ತಿತು, ಬಸುರಿಯರನ್ನು ಕೂರಿಸಿಕೊಂಡು ಇಳಿಯಿತು. ಊರಿನಲ್ಲಿ ನಮ್ಮವರು ಅಂದದ್ದೇನು? “ನೋಡಿ, ಎಷ್ಟಾದ್ರೂ ದೊಡ್ಡಣ್ಣನ ಗಾಡಿ!” ಈ ಮಾತು ಕೇಳಿದಾಗೆಲ್ಲ ಸಾಹುಕಾರನ ಮೈ ಉರಿಯುತ್ತದೆ. ಉರಿದರೇನು ಬಂತು? ಶಾಫ್ಟು ಇಲ್ಲದ್ದನ್ನು ಕಂಡವನು ಅವನು, ಮೊದಲು ಕಂಡವನು ಅವನು. ಸಿಸ್ಟರ್ ಕೋಪ ಇನ್ನೂ ಇಳಿದಿಲ್ಲ. ಟಯರು ಕೊಳ್ಳಲು ಬಂದರೂ ಕೈಗೆ ಕೊಟ್ಟ ಮಾಲನ್ನು ಎರಡು ಸಲ ತಿರುಗಿಸಿ ನೋಡುತ್ತಾಳೆ, ಅವನ ಮುಖವನ್ನು ಒಂದು ಸಲವೂ ನೋಡುವುದಿಲ್ಲ.

ಶಾಫ್ಟಿನ ವಿಷಯದಲ್ಲಿ ಆಕೆ ಹೇಳಿದ್ದು ನಿಜ, ಆ ಕೋಪ ನ್ಯಾಯವಾದದ್ದು ಎಂಬ ಮಾತನ್ನು ಸಾಹುಕಾರ ಅಲ್ಲಿದ್ದವರೆಲ್ಲರ ಎದುರು ಹೇಳಬೇಕು. ಅದು ಅವನು ಆಕೆಗೆ ಕೊಡಬೇಕಾದದ್ದು. ಇನ್ನೂ ಕೊಟ್ಟಿಲ್ಲ.