ಮೂರನೇ ಮಹಡಿಯ ಕೋ-ಸಾಂಗ್ ಹೇಳಿದ ದರ

ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದ ಮೇಲೆ ಕೋ ಯುಂಗ್-ಫು ಮೊದಲು ದೀಪ ಹಾಕುವುದಿಲ್ಲ, ಹಸಿರು ಪೊಟ್ಟಣದ ಮೇಲಿನ ತಾರೀಖು ನೋಡುತ್ತಾನೆ. ತೆಂಗಿನಕಾಯಿ ರುಚಿಯ ಜೋಳದ ಕುರುಕಲು ಅದು. ತೈಪೆಯಲ್ಲಿ ಯಂತ್ರ ಇರುವ ಕಡೆಯೆಲ್ಲ ಅದರದೊಂದು ಪೊಟ್ಟಣ ಇರುತ್ತದೆ, ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಿಕೊಂಡಿರಲಿ ಅಂತ. ಪೊಟ್ಟಣ ಹಸಿರೇ ಆಗಿರಬೇಕು, ಅವಧಿ ಮೀರಿರಬಾರದು, ಯಾರೂ ಬಿಚ್ಚಿ ತಿನ್ನಬಾರದು. ಬೇರೆಯವರು ಅದನ್ನು ಕಂಪ್ಯೂಟರಿನ ಮೇಲೆ ಇಡುತ್ತಾರೆ. ಕೋ ಆ ಮಾರ್ಚ್ ತಿಂಗಳಲ್ಲಿ ಹಿಂದಿನ ಕಪಾಟಿನ ಮೇಲೆ ಇಟ್ಟಿದ್ದ. ಕಪಾಟಿನಲ್ಲಿ ಓಡುವ ಯಂತ್ರ ಯಾವುದೂ ಇರಲಿಲ್ಲ. ಕಂಪ್ಯೂಟರ್ ಆಟಗಳ ಚಿತ್ರ ಓಡಿಸುವ, ಹೋದ ವರ್ಷದ ಗ್ರಾಫಿಕ್ಸ್ ಕಾರ್ಡುಗಳ ಡಬ್ಬಗಳು ನೆಲದಿಂದ ಸೂರಿನವರೆಗೆ ಕೂತಿದ್ದವು. ಹೇಳಿದ ಮಾತು ಕೇಳಬೇಕಾಗಿದ್ದದ್ದು ಅವುಗಳ ಬೆಲೆ.

ಗ್ವಾಂಗ್‌ಹ್ವಾ ಕಂಪ್ಯೂಟರ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ಕೋನನ್ನು ಎಲ್ಲರೂ ಕೋ-ಸಾಂಗ್ ಅನ್ನುತ್ತಾರೆ. ಹಿರಿಯರಿಗೆ ಕೊಡುವ ಮರ್ಯಾದೆ ಅದು. ವಯಸ್ಸಿನಿಂದ ಬಂದದ್ದಕ್ಕಿಂತ ಆ ಮರ್ಯಾದೆ ಅವನ ಜ್ಞಾನದಿಂದ ಬಂದದ್ದು. ಹೊಸ ಕಾರ್ಡು ಬರುವ ಮೊದಲೇ ಅದರ ದರ ಎಷ್ಟು, ವೇಗ ಎಷ್ಟು ಅಂತ ಅವನು ಹೇಳುತ್ತಾನೆ. ಸರಿ ಹೋದ ಸಲಗಳನ್ನು ಮಹಡಿಯವರೆಲ್ಲ ನೆನಪಿಟ್ಟುಕೊಂಡಿದ್ದಾರೆ, ತಪ್ಪಿದ ಸಲಗಳು ಅವನ ಹೆಂಡತಿ ಸು-ಮೇಗೆ ಮಾತ್ರ ನೆನಪಿವೆ. ಅಂಗಡಿಯ ಬಾಡಿಗೆ ಕಟ್ಟುವವಳು ಅವಳು.

ಆ ಸಲ ಬರಲಿದ್ದದ್ದು ಮಧ್ಯಮ ದರ್ಜೆಯ ಕಾರ್ಡು. ಅತಿ ದುಬಾರಿ ಕಾರ್ಡು ಕೊಳ್ಳುವವರು ದರ ಕೇಳುವುದಿಲ್ಲ, ಅಗ್ಗದ್ದು ಕೊಳ್ಳುವವರು ವೇಗ ಕೇಳುವುದಿಲ್ಲ. ಮಧ್ಯದವರು ಎರಡನ್ನೂ ಕೇಳುತ್ತಾರೆ, ಮತ್ತೆ ಮತ್ತೆ ಕೇಳುತ್ತಾರೆ, ಕೊನೆಗೆ ಇನ್ನೊಂದು ತಿಂಗಳು ಕಾಯುತ್ತೇವೆ ಅನ್ನುತ್ತಾರೆ. ಹೊಸದು ದುಬಾರಿಯಾಗಿ ಮಂದವಾಗಿದ್ದರೆ ಕೋನ ಕಪಾಟು ಚಿನ್ನ. ಅಗ್ಗವಾಗಿ ಚುರುಕಾಗಿದ್ದರೆ ಬರೀ ರಟ್ಟು. ಡಬ್ಬಗಳನ್ನು ಸು-ಮೇ ಬೇಡವೆಂದರೂ ಕೊಂಡು ತುಂಬಿಸಿದವನು ಅವನೇ.

ದುಬಾರಿಯಾಗಿ ಮಂದವಾಗಿರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಆ ಖಾತ್ರಿ ಹುಟ್ಟಿದ್ದು ಒಂದು ಔತಣದಲ್ಲಿ.

ಸು-ಮೇಯ ತಮ್ಮ ಆ-ಹುಂಗ್ ಊರಾಚೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಬಿಸಿಯಾಗುವ ಸಾಮಾನುಗಳನ್ನು ತಣ್ಣಗಿಡುವ ಅಲ್ಯೂಮಿನಿಯಂ ಪಟ್ಟಿಗಳನ್ನು ಅಲ್ಲಿ ಮಾಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಕೂರುವುದೂ ಅಂಥದ್ದೇ. ವರ್ಷದ ಕೊನೆಗೆ ಮಾಲೀಕರು ಕೆಲಸಗಾರರಿಗೆ ಊಟ ಹಾಕಿಸಿದಾಗ ಆ-ಹುಂಗ್ ಅಕ್ಕ ಭಾವನನ್ನೂ ಕರೆದಿದ್ದ. ಆ ಊಟದಲ್ಲಿ ಕೋಳಿಯ ತಲೆ ಯಾರ ಕಡೆ ತಿರುಗಿದೆಯೋ ಅವರ ಕೆಲಸ ಹೋಯಿತು ಅಂತ ಲೆಕ್ಕ. ಅಡುಗೆಯವನು ಜಾಣ, ತಲೆಯನ್ನು ಮಾಲೀಕರ ಕಡೆಗೇ ತಿರುಗಿಸಿಟ್ಟಿದ್ದ. ಎಲ್ಲರೂ ನೆಮ್ಮದಿಯಿಂದ ಕುಡಿದರು.

ಕುಡಿಯುತ್ತ ಆ-ಹುಂಗ್ ಫೋನಿನಲ್ಲಿ ಮಗಳ ಫೋಟೋ ತೋರಿಸುತ್ತಿದ್ದಾಗ ನಡುವೆ ಒಂದು ಅಲ್ಯೂಮಿನಿಯಂ ಪಟ್ಟಿಯ ಫೋಟೋ ಬಂತು. ಕೋ ಅವನ ಕೈ ಹಿಡಿದ. ಕಿವಿಯ ಹತ್ತಿರ ಬಗ್ಗಿ, ಇದು ಆ ಹೊಸ ಕಾರ್ಡಿನದೇನಾ ಅಂತ ಕೇಳಿದ. ಆ-ಹುಂಗ್ ಮಾತಾಡಲಿಲ್ಲ. ನಕ್ಕ, ಭಾವನ ಬಟ್ಟಲು ತುಂಬಿಸಿದ, ಫೋಟೋ ಮುಂದೆ ಸರಿಸಿದ.

ಬೇರೆ ಕಸುಬಿನವರಿಗೆ ಇದು ಉತ್ತರವೇ ಅಲ್ಲ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಉತ್ತರ ಇಲ್ಲ. ಗುಟ್ಟು ಬಿಡುವುದಿಲ್ಲವೆಂದು ಎಲ್ಲರೂ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಹಾಗಾಗಿ ಮಾತಾಡುವವನಿಗೆ ಏನೂ ಗೊತ್ತಿಲ್ಲ, ಸುಮ್ಮನಿರುವವನಿಗೆ ಎಲ್ಲ ಗೊತ್ತು ಎಂಬುದು ಮೂರನೇ ಮಹಡಿಯ ನಂಬಿಕೆ. ಮನೆಗೆ ಹೋಗುವ ದಾರಿಯಲ್ಲೇ ಕೋನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಪಟ್ಟಿ ಚಿಕ್ಕದು, ಅಂದರೆ ಬಿಸಿ ಕಡಿಮೆ. ಬಿಸಿ ಕಡಿಮೆ, ಅಂದರೆ ವೇಗ ಕಡಿಮೆ, ಹಳೆಯದಕ್ಕಿಂತ ನೂರಕ್ಕೆ ಎಂಟು ಹೆಚ್ಚಿದ್ದರೆ ಅದೇ ದೊಡ್ಡದು. ಕಾರ್ಡು ಮಾಡುವ ಕಂಪನಿ ದರ ಇಳಿಸುವ ಜಾತಿಯಲ್ಲ. ಆದ್ದರಿಂದ ಇಲ್ಲಿನ ಹಣದಲ್ಲಿ ಹದಿನಾರು ಸಾವಿರದ ಒಂಬೈನೂರು.

ಮರುದಿನ ಅದನ್ನು ಅವನು ಒಬ್ಬರಿಗೆ ಮಾತ್ರ ಹೇಳಿದ. ಎದುರು ಬೀದಿಯ ಹಲ್ಲಿನ ಡಾಕ್ಟರ್ ವೆಂಗ್ ಊಟದ ಬಿಡುವಿನಲ್ಲಿ ದಿನವೂ ಬಂದು ಸ್ಟೂಲಿನ ಮೇಲೆ ಕೂತು ಬುತ್ತಿ ತಿನ್ನುತ್ತಿದ್ದವರು. ಯಾರಿಗೂ ಹೇಳಬೇಡಿ ಅಂತ ಕೋ ಅಂದ. ಡಾಕ್ಟರ್ ಯಾರಿಗೂ ಹೇಳಲಿಲ್ಲ, ಇಂಟರ್ನೆಟ್ಟಿನ ಚರ್ಚಾಕಟ್ಟೆಯಲ್ಲಿ ಬರೆದರು ಅಷ್ಟೆ.

ಆಮೇಲೆ ಆ ಅಂಕಿ ದೇಶಾಂತರ ಹೊರಟಿತು. ಚೀನಾದ ಒಬ್ಬ ವಿಡಿಯೊದವನು ಅದಕ್ಕೆ ‘ತೈಪೆಯ ಕಾರ್ಖಾನೆಯೊಳಗಿನ ಮೂಲ’ ಎಂಬ ಬಿರುದು ಕೊಟ್ಟ. ಜರ್ಮನಿಯ ಒಂದು ತಾಣ ಅದನ್ನು ಯೂರೋ ಮಾಡಿ ಮೇಲೆ ತೆರಿಗೆ ಸೇರಿಸಿತು. ಅಮೆರಿಕದ ಒಬ್ಬ ಗಡ್ಡದವನು ತನ್ನ ವಿಡಿಯೊದಲ್ಲಿ ಡಾಲರಿಗೆ ತಿರುಗಿಸಿ, ಇದನ್ನು ಎರಡು ಬೇರೆ ಬೇರೆ ಮೂಲಗಳು ಖಚಿತಪಡಿಸಿವೆ ಅಂದ. ಒಂದು ಮೂಲ ಚೀನಾದವನು, ಇನ್ನೊಂದು ಜರ್ಮನಿಯ ತಾಣ. ಕಡೆಗೆ ತೈಪೆಯ ಒಂದು ಸುದ್ದಿತಾಣ ಡಾಲರನ್ನು ಮತ್ತೆ ಇಲ್ಲಿನ ಹಣಕ್ಕೆ ಇಳಿಸಿ, ವಿದೇಶಿ ತಜ್ಞರ ಪ್ರಕಾರ ದರ ಹದಿನೇಳು ಸಾವಿರದ ಇನ್ನೂರು ಅಂತ ಬರೆಯಿತು.

ಕೋ ಅದನ್ನು ಹೆಂಡತಿಗೆ ಜೋರಾಗಿ ಓದಿ ಹೇಳಿದ. “ನೋಡಿದೆಯಾ? ನಾನು ಮುನ್ನೂರು ಕಡಿಮೆಯೇ ಹೇಳಿದ್ದೆ.”

ಕಾರ್ಡು ಬರಲು ಒಂದು ವಾರ ಉಳಿದಾಗ ಶ್ಯೂ ಬಂದ. ತಾವ್‌ಯ್ವಾನ್ ಕಡೆ ಆಟದ ಕಂಪ್ಯೂಟರುಗಳ ಅಂಗಡಿ ಇಟ್ಟಿರುವ, ಅಡಿಕೆ ಜಗಿಯುವ ದಪ್ಪ ಆಸಾಮಿ. ಕಪಾಟಿನ ಅಷ್ಟೂ ಡಬ್ಬ ತಾನೇ ಒಯ್ಯುತ್ತೇನೆ, ಕೋ ಕೊಂಡ ಬೆಲೆಗಿಂತ ಒಂದಿಷ್ಟು ಕಡಿಮೆ ಕೊಡುತ್ತೇನೆ, ಶುಕ್ರವಾರದೊಳಗೆ ಹೇಳಿ ಅಂದ. ಸು-ಮೇ ಆಗಲೇ ಡಬ್ಬ ಇಳಿಸಲು ಏಣಿ ಎಳೆದಿದ್ದಳು. ಕೋ ಯೋಚಿಸಿ ಹೇಳುತ್ತೇನೆ ಅಂದ. ಅವನು ಯೋಚಿಸುವುದಿಲ್ಲ ಅಂತ ಸು-ಮೇಗೂ ಶ್ಯೂಗೂ ಗೊತ್ತಿತ್ತು.

“ಯಜಮಾನ್ರೇ, ಅದು ಅಗ್ಗ ಬಂದ್ಬಿಟ್ರೆ ಏನ್ ಮಾಡ್ತೀರಿ?” ಅಂದ ಶ್ಯೂ.

“ಅಮೆರಿಕದವರೇ ಹೇಳ್ತಿದ್ದಾರಲ್ಲಪ್ಪ.”

“ಅಮೆರಿಕದವರು ಬಂದು ಈ ಡಬ್ಬ ತಗೊಂಡ್ ಹೋಗ್ತಾರಾ?”

ಅವತ್ತು ಸಂಜೆ ಸು-ಮೇ ಯಾರೂ ಮಾಡದ ಕೆಲಸ ಮಾಡಿದಳು, ಮೂಲವನ್ನೇ ಕೇಳಿದಳು. ಗಲ್ಲಾದ ಪಕ್ಕ ಕೂತು ತಮ್ಮನಿಗೆ ಫೋನ್ ಹಚ್ಚಿ, ಧ್ವನಿ ಎಲ್ಲರಿಗೂ ಕೇಳುವಂತೆ ಇಟ್ಟಳು.

“ಆ-ಹುಂಗ್, ಊಟದ ದಿನ ನಿಮ್ಮ ಭಾವಂಗೆ ಒಂದು ಪಟ್ಟಿ ತೋರ್ಸಿದ್ಯಲ್ಲ. ಅದೇನದು?”

“ಯಾವ್ದಕ್ಕಾ?”

“ನಿನ್ ಮಗಳ ಫೋಟೋ ಮಧ್ಯೆ ಬಂತಲ್ಲೋ.”

“ಓ, ಅದಾ. ಬೀದಿದೀಪದ್ದು. ದೀಪದ ಹಿಂದೆ ಕೂರ್ಸೋದು.”

“ಮತ್ತೆ ಅವತ್ತೇ ಹೇಳೋಕೇನಾಗಿತ್ತು ನಿಂಗೆ?”

ಆ-ಹುಂಗ್ ಧ್ವನಿ ತಗ್ಗಿಸಿದ. “ಭಾವ ಅಷ್ಟು ಗುಟ್ಟಾಗಿ ಕೇಳಿದ್ರಕ್ಕಾ. ಬೀದಿದೀಪ ಅಂದ್ರೆ ನನ್ನ ಮರ್ಯಾದೆ ಏನ್ ಉಳೀತಿತ್ತು? ಕಾರ್ಡಿನ ಕೆಲಸ ನಮ್ಮಲ್ಲಿಗೆ ಬಂದೇ ಇಲ್ಲ ಈ ವರ್ಷ.”

ಸು-ಮೇ ಫೋನ್ ಇಟ್ಟು ಗಂಡನ ಮುಖ ನೋಡಿದಳು. “ಕೇಳಿಸ್ತಾ ಮುದುಕಪ್ಪಾ? ಬೀದಿದೀಪ. ಶ್ಯೂಗೆ ಫೋನ್ ಮಾಡು.”

ಕೋನ ಮುಖದಲ್ಲಿ ಒಂದು ಗಳಿಗೆ ಏನೋ ಅಲುಗಾಡಿದ್ದು ನಿಜ. ಆದರೆ ಇಪ್ಪತ್ತು ವರ್ಷ ಈ ಕಸುಬಿನಲ್ಲಿ ಬೆಂದವನು ಅಷ್ಟು ಸುಲಭಕ್ಕೆ ಸತ್ಯಕ್ಕೆ ಮಣಿಯುವುದಿಲ್ಲ. ಅವನು ಎದ್ದು ಹೋಗಿ ಹಸಿರು ಪೊಟ್ಟಣವನ್ನು ನೆಟ್ಟಗೆ ಮಾಡಿದ.

“ಸಹಿ ಹಾಕಿದಾನಲ್ಲೇ ಅವ್ನು,” ಅಂದ. “ಫೋನಲ್ಲಿ ಬೇರೆ ಏನು ಹೇಳ್ತಾನೆ? ಬೀದಿದೀಪ ಅಂತಾನೇ ಹೇಳ್ಬೇಕು.”

“ನನ್ನ ತಮ್ಮ ಕಣೋ ಅವ್ನು.”

“ಅದಕ್ಕೇ. ನಿಂಗೂ ಹೇಳ್ಲಿಲ್ಲ ಅಂದ್ರೆ ವಿಷ್ಯ ಎಷ್ಟು ಗಟ್ಟಿ ಇರ್ಬೇಕು ನೋಡು.”

ಸುಮ್ಮನಿದ್ದಾಗ ಖಚಿತವಾಗಿದ್ದ ಸುದ್ದಿ ಈಗ ಅಲ್ಲಗಳೆದದ್ದರಿಂದ ಇನ್ನೂ ಖಚಿತವಾಯಿತು. ಮರುದಿನ ಅವನು ಡಾಕ್ಟರ್ ವೆಂಗ್‌ಗೆ, ಕಾರ್ಖಾನೆಯವರು ಗಾಬರಿಯಾಗಿ ಬೀದಿದೀಪದ ಕಥೆ ಕಟ್ಟುತ್ತಿದ್ದಾರೆ ಅಂತ ತಿಳಿಸಿದ. ಡಾಕ್ಟರ್ ಅದನ್ನೂ ಬರೆದರು. ಗಡ್ಡದವನು ಅದರ ಮೇಲೆ ಇನ್ನೊಂದು ವಿಡಿಯೊ ಮಾಡಿದ. ಶುಕ್ರವಾರ ಶ್ಯೂ ಫೋನ್ ಮಾಡಿದಾಗ ಕೋ ಎತ್ತಲಿಲ್ಲ. ಸು-ಮೇ ಏಣಿಯನ್ನು ಇದ್ದ ಜಾಗಕ್ಕೆ ಇಟ್ಟಳು.

ಕಾರ್ಡು ಹೇಳಿದ ದಿನವೇ ಬಂತು. ಮಹಡಿಯ ಅರ್ಧ ಜನ ಕೋನ ಅಂಗಡಿಯ ಪರದೆಯ ಮುಂದೆ ನಿಂತು ನೋಡಿದರು. ಹಳೆಯದಕ್ಕಿಂತ ನೂರಕ್ಕೆ ಮೂವತ್ತು ಹೆಚ್ಚು ವೇಗ. ದರ ಹನ್ನೆರಡು ಸಾವಿರದ ಒಂಬೈನೂರು. ಯಾರೂ ಮಾತಾಡಲಿಲ್ಲ. ಈ ಮೌನದ ಅರ್ಥವನ್ನು ಕೋ ಯಾರಿಗೂ ಬಿಡಿಸಿ ಹೇಳಲಿಲ್ಲ.

ಗಡ್ಡದವನು ಅದೇ ದಿನ ವಿಡಿಯೊ ಹಾಕಿದ. ತನ್ನ ಅಂಕಿಗಳು ಸರಿಯಾಗಿಯೇ ಇದ್ದವು, ಅವು ಬಯಲಾಗಿಬಿಟ್ಟವು ಎಂದು ಹೆದರಿ ಕೊನೆಯ ಗಳಿಗೆಯಲ್ಲಿ ಕಂಪನಿಯೇ ದರ ಬದಲಿಸಿತು ಅಂದ. ಡಾಕ್ಟರ್ ವೆಂಗ್ ಬುತ್ತಿ ಬಿಚ್ಚುತ್ತ ಅದನ್ನು ಕೋನಿಗೆ ತೋರಿಸಿದರು. “ಹಾಗಾದ್ರೆ ದರ ಇಳಿಸಿದ್ದು ನಾವೇ ಅಂದ ಹಾಗಾಯ್ತಲ್ಲ ಕೋ-ಸಾಂಗ್,” ಅಂದರು. ಅವರ ಧ್ವನಿಯಲ್ಲಿ ಹೆಮ್ಮೆ ಇತ್ತು. ಹೊಸ ಕಾರ್ಡನ್ನು ಅವರು ಕೆಳಗಿನ ಮಹಡಿಯಲ್ಲಿ ಕೊಂಡು ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಕೋನ ಅಂಗಡಿಗೆ ಅದು ಇನ್ನೂ ಬಂದಿರಲಿಲ್ಲ. ತರಿಸಲು ಅವನ ಕಪಾಟಿನಲ್ಲಿ ಜಾಗ ಇರಲಿಲ್ಲ.

ಶ್ಯೂಗೆ ಫೋನ್ ಮಾಡಿದ್ದು ಸು-ಮೇ. ಸೋಮವಾರ ಅವನು ವ್ಯಾನ್ ತಂದು, ಮೊದಲು ಹೇಳಿದ್ದರ ಅರ್ಧ ಕೊಟ್ಟು, ಅಷ್ಟೂ ಡಬ್ಬ ಒಯ್ದ. ಕಪಾಟಿಗೆ ಸು-ಮೇ ಕೀಬೋರ್ಡ್ ತರಿಸಿದಳು. ಹಸಿರು ಪೊಟ್ಟಣವನ್ನು ಅವಳು ತೆಗೆಯಲಿಲ್ಲ, ಅದರ ಅವಧಿ ಸೆಪ್ಟೆಂಬರ್‌ವರೆಗೆ ಇತ್ತು.