ಗಂಗವ್ವನ ಕಣ ಮತ್ತು ನಾಲ್ಕನೇ ಗೋಪುರ

ಕೊರೊನಾ ಗದ್ದಲ ಮುಗಿದ ಮರುವರ್ಷ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಕರೆಂಟು ತಯಾರಿಸುವ ಗಾಳಿಯಂತ್ರ ನೆಡುವ ಖಾಸಗಿ ಕಂಪನಿಯೊಂದರಲ್ಲಿ ನಾನು ಸೈಟಿಂಗ್ ಎಂಜಿನಿಯರ್. ಯಾವ ಗುಡ್ಡದ ಯಾವ ಜಾಗದಲ್ಲಿ ಗೋಪುರ ನಿಂತರೆ ಗಾಳಿ ಚೆನ್ನಾಗಿ ಸಿಗುತ್ತದೆ ಎಂದು ಗೊತ್ತು ಮಾಡುವುದು ನನ್ನ ಕೆಲಸ. ಊರೂರು ಸುತ್ತಿದ ಮೇಲೆ ಕೊನೆಯ ಪೋಸ್ಟಿಂಗ್ ಸವದತ್ತಿ ತಾಲ್ಲೂಕಿಗೆ ಬಂತು. ನಾನು ಬೈಲಹೊಂಗಲದವನು. ದಿನವೂ ಮನೆಯ ರೊಟ್ಟಿ ಕಟ್ಟಿಕೊಂಡು ಹೋಗಿ ಬರಬಹುದಲ್ಲ ಎಂದು ಖುಷಿಯಾಯಿತು. ನಮ್ಮ ಸೀಮೆಯ ಗಾಳಿಯನ್ನು ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬವೂ ಒಳಗೆ ಇತ್ತು.

ಹೂಲಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಸಿಗುವ ಉದ್ದನೆಯ ಗುಡ್ಡ ನಮ್ಮ ಸೈಟ್. ಅಲ್ಲಿ ಐದು ಗೋಪುರ ಏಳಬೇಕಿತ್ತು. ನಕ್ಷೆ ಹಾಕುವ ಒಂದು ವರ್ಷ ಮೊದಲೇ ಗುಡ್ಡದ ಮೇಲೊಂದು ಮಾಸ್ಟ್ ನಿಲ್ಲಿಸಿದ್ದೆವು. ಮಾಸ್ಟ್ ಎಂದರೆ ತೆಳ್ಳನೆಯ ಉಕ್ಕಿನ ಎತ್ತರದ ಕಂಬ. ತುದಿಯಲ್ಲಿ ವೇಗ ಅಳೆಯುವ ಬಟ್ಟಲುಗಳು, ದಿಕ್ಕು ತೋರಿಸುವ ಬಾಲದ ವೇನ್. ವರ್ಷದ ಡೇಟಾ ಬಂದಾಗ ಮಳೆಗಾಲದ ಮುಖ್ಯ ಗಾಳಿ 243 ಡಿಗ್ರಿಯಿಂದ, ಅಂದರೆ ನೈಋತ್ಯದ ಕಡೆಯಿಂದ ಬರುತ್ತಿತ್ತು. ಸಾಲಿ ಪುಸ್ತಕದಲ್ಲಿ ಓದಿದ್ದ ನೈಋತ್ಯ ಮಾರುತವೇ ಇದು ಎಂದುಕೊಂಡು ಐದು ಗೋಪುರಗಳ ನಕ್ಷೆ ಹಾಕಿದೆ.

ನಾಲ್ಕನೇ ಗೋಪುರಕ್ಕೆ ಹೋಗುವ ದಾರಿ ಗಂಗವ್ವನ ಹೊಲದಲ್ಲಿ ಹಾಯಬೇಕಿತ್ತು. ಗಂಗವ್ವನಿಗೆ ಅರವತ್ತು ದಾಟಿತ್ತು. ಒಕ್ಕಲುತನವೆಲ್ಲ ಅವಳ ಕೈಯಲ್ಲೇ. ಗುಡ್ಡದ ಹೆಗಲಿನ ಮೇಲೆ ಅವಳ ಮಾವ ಮಾಡಿದ ಕಣವಿತ್ತು. ಜೋಳಕ್ಕೆ ಮಷಿನ್ ಬಂದಿದ್ದರೂ ಹೆಸರು, ಅಲಸಂದಿಯನ್ನು ಅವಳು ಅಲ್ಲೇ ಬಡಿದು ತೂರುತ್ತಿದ್ದಳು. ದಾರಿಗೆ ಒಪ್ಪಿಗೆ ಕೊಡುವಾಗ ಒಂದೇ ಮಾತು ಕೇಳಿದಳು.

“ದಾರಿ ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಕಣ ಮುಟ್ಟಬಾರದ್ರಿ. ಮಾತ ಕೊಡ್ರಿ.”

“ಕೊಟ್ಟೆ ಬೇ,” ಎಂದೆ. ನಕ್ಷೆಯಲ್ಲಿ ನಾಲ್ಕನೇ ಗೋಪುರ ಅವಳ ಕಣದಿಂದ ಸಾಕಷ್ಟು ದೂರ, ಪಕ್ಕದವರ ಹೊಲದಲ್ಲಿತ್ತು. ಮಾತು ಕೊಡಲು ನನಗೇನು ಕಷ್ಟ?

ಸೆಪ್ಟೆಂಬರಿನಲ್ಲಿ ಕೊನೆಯ ವರದಿಗೆ ಸಹಿ ಹಾಕುವ ಮೊದಲು ಜಾಗ ನೋಡಲು ಹೋದೆ. ಕಣದಲ್ಲಿ ಗಂಗವ್ವ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಹೆಸರು ತೂರುತ್ತಿದ್ದರು. ನಾನು ಫೋನ್ ನೋಡುತ್ತ ನೆಟ್ಟಗೆ ಒಳಗೆ ಕಾಲಿಟ್ಟೆ.

“ಏ ಸಾಹೇಬ್ರ! ಬೂಟ ಕಳೀರಿ! ಕಣದಾಗ ಬೂಟ ಹಾಕ್ಕೊಂಡ ಬರ್ತಾರೇನ್ರಿ ಯಾರರ?”

ಥೂ, ಬೈಲಹೊಂಗಲದಲ್ಲಿ ಹುಟ್ಟಿ ಇಷ್ಟೂ ನೆನಪಿರಲಿಲ್ಲ ನನಗೆ! ನಾಚಿಕೆಯಿಂದ ಬೂಟು ಕಳೆದು ಬರಿಗಾಲಲ್ಲಿ ಹೋಗಿ ಕುಳಿತೆ. ಆಕೆ ಕುಡಿಯಲು ಮಜ್ಜಿಗೆ ಕೊಟ್ಟಳು. ನಕ್ಷೆ ಹಾಸಿ, ಇದು ಮೂರನೆಯದು, ಇದು ನಾಲ್ಕನೆಯದು ಎಂದು ತೋರಿಸಿದೆ. ಆಕೆ ನಕ್ಷೆಯನ್ನೊಮ್ಮೆ ನೋಡಿದಳು, ಗುಡ್ಡವನ್ನೊಮ್ಮೆ ನೋಡಿದಳು.

“ಮೂರನೇದ್ದರ ಬೆನ್ನಿಗೆ ನಾಲ್ಕನೇದ್ದ ನಿಲ್ಲಿಸೀರಲ್ರಿ. ಅದಕ್ಕ ಗಾಳಿ ಹೆಂಗ ಸಿಗತೈತಿ? ನಾವ ನೋಡ್ರಿ, ಹೆಂಗ ನಿಂತೇವಿ.”

ಆಗ ನೋಡಿದೆ. ಮೂವರೂ ಒಬ್ಬರ ಹಿಂದೊಬ್ಬರು ನಿಂತಿರಲಿಲ್ಲ, ಓರೆಯಾಗಿ ನಿಂತಿದ್ದರು. ಮುಂದಿನವಳ ಮೈ ಗಾಳಿ ತಡೆದರೆ ಹಿಂದಿನವಳ ಮೊರದಿಂದ ಹೊಟ್ಟು ಹಾರುವುದಿಲ್ಲ. ನಮ್ಮ ಎಂಜಿನಿಯರ್ ಭಾಷೆಯಲ್ಲಿ ಇದಕ್ಕೆ ವೇಕ್ ಎನ್ನುತ್ತಾರೆ. ಒಂದು ಯಂತ್ರ ಗಾಳಿಯ ಬಲ ಹೀರಿಕೊಂಡರೆ ಅದರ ಹಿಂದಿನ ಯಂತ್ರಕ್ಕೆ ಸೊರಗಿದ ಗಾಳಿ ಸಿಗುತ್ತದೆ. ಇದನ್ನು ಲೆಕ್ಕ ಹಾಕಲು ನಮ್ಮಲ್ಲಿ ದುಬಾರಿ ಸಾಫ್ಟ್‌ವೇರ್ ಇತ್ತು.

“ಇಲ್ಲ ಬೇ, ಗಾಳಿ ಈ ಕಡೆಯಿಂದ ಬರತೈತಿ, ನೈಋತ್ಯ,” ಎಂದು ಕೈ ಮಾಡಿ ತೋರಿಸಿದೆ.

“ಯಾರ ಹೇಳ್ಯಾರ್ರಿ ನಿಮಗ? ಗಾಳಿ ಪಡುವಣದಿಂದ ಬರಾಕತ್ತೈತಿ. ಹೊಟ್ಟ ನೋಡ್ರಿ, ಅದೇನ ಸುಳ್ಳ ಹೇಳತೈತೇನು?”

ಸಿಟ್ಟು ಬಂತು. ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದವನಿಗೆ ಗಾಳಿಯ ಪಾಠವೇ! ಆದರೆ ಹೊಟ್ಟು ನನ್ನ ಕಣ್ಣೆದುರಿಗೇ ಇತ್ತು. ಕಣದ ನಡುವಿನ ಮೇಟಿ ಕಂಬದಿಂದ ಅದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಸಾಲುಗಟ್ಟಿತ್ತು. ನಮ್ಮ ಡೇಟಾ ನಿಜವಾಗಿದ್ದರೆ ಆ ಸಾಲು ಎಡಗಡೆಯ ಬೇವಿನ ಮರದತ್ತ ಹೊರಳಬೇಕಿತ್ತು. ಚೀಲದಿಂದ ದಿಕ್ಸೂಚಿ ತೆಗೆದು ಕಲ್ಲಿನ ಮೇಲಿಟ್ಟು ಅಳೆದೆ. ಗಾಳಿ 265 ಡಿಗ್ರಿಯಿಂದ ಬರುತ್ತಿತ್ತು. ಫೋನಿನಲ್ಲಿ ಮಾಸ್ಟ್‌ನ ಅದೇ ಹೊತ್ತಿನ ಡೇಟಾ ತೆರೆದೆ. 243! ಕೂಗಿದರೆ ಕೇಳುವಷ್ಟು ದೂರದಲ್ಲಿ ಮಾಸ್ಟ್ ನಿಂತಿದೆ, ಬೀಸುವುದು ಒಂದೇ ಗಾಳಿ, ಇಪ್ಪತ್ತೆರಡು ಡಿಗ್ರಿ ಎಲ್ಲಿಗೆ ಹೋಯಿತು? ಸಿಟ್ಟು ಇಳಿದು ಕುತೂಹಲ ಹತ್ತಿತು.

ಮಾಸ್ಟ್ ನಿಲ್ಲಿಸಿದ್ದು ಮಲ್ಲೇಶಿ. ಕಿತ್ತೂರು ಕಡೆಯ ಅನುಭವಸ್ಥ ಟೆಕ್ನೀಶಿಯನ್, ಕೆಲಸದಲ್ಲಿ ಪ್ರಾಮಾಣಿಕ. ಅವನನ್ನು ಗುಡ್ಡಕ್ಕೆ ಕರೆಸಿ, ವೇನ್‌ನ ಉತ್ತರದ ಗುರುತನ್ನು ನೀನು ಹೇಗೆ ಹೊಂದಿಸಿದೆ ಎಂದು ಕೇಳಿದೆ.

“ಫೋನಿನ ಕಂಪಾಸು ಕಂಬದ ಹತ್ರ ಒಯ್ದ್ರ ಗಿರಗಿರ ತಿರಗತಿತ್ರಿ ಸರ. ಅದಕ್ಕ ಕೆಳಗ ಬಸವಣ್ಣನ ಗುಡಿ ಕಾಣತೈತಲ್ರಿ, ಅದರ ಗ್ವಾಡಿ ನೋಡಿ ಇಟ್ನಿ. ಗುಡಿ ಬಾಗಲಾ ಪೂರ್ವಕ್ಕ ಇರತೈತಿ, ಉಳದದ್ದ ತಾನ ಬರತೈತಿ.”

ಇಬ್ಬರೂ ಗುಡಿಗೆ ಇಳಿದು ಹೋದೆವು. ದಿಕ್ಸೂಚಿ ಇಟ್ಟು ನೋಡಿದರೆ ಬಾಗಿಲು ಪೂರ್ವದಿಂದ ದಕ್ಷಿಣಕ್ಕೆ ಸರಿಯಾಗಿ ಇಪ್ಪತ್ತೆರಡು ಡಿಗ್ರಿ ವಾಲಿತ್ತು. ಅದನ್ನು ನಂಬಿ ಇಟ್ಟ ವೇನ್‌ನ ಉತ್ತರವೂ ಅಷ್ಟೇ ತಪ್ಪಿತ್ತು. ನನಗೆ ಒಳಗೊಳಗೇ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು. ಮಲ್ಲೇಶಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. “ದೇವರ ಬಾಗಲಾ ತಪ್ಪಾಗತೈತೇನ್ರಿ ಸರ?” ಎಂದ.

ಅಲ್ಲೇ ಇದ್ದ ಗುಡಿಯ ಪೂಜಾರಿ ನಕ್ಕರು. “ತಪ್ಪಲ್ಲೋ ತಮ್ಮಾ. ಸಂಕ್ರಾಂತಿ ಮುಂಜಾನಿ ಮೊದಲನೇ ಬಿಸಲು ಬಸವಣ್ಣನ ಮಾರಿ ಮ್ಯಾಲೆ ಬೀಳಬೇಕಂತ ಹಿರ್‍ಯಾರು ಹಿಂಗ ಕಟ್ಟ್ಯಾರ.”

ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ದಕ್ಷಿಣಕ್ಕೆ ಸರಿದು. ಗುಡಿ ಕಟ್ಟಿದವರಿಗೆ ಅದು ಗೊತ್ತಿತ್ತು. ಮಲ್ಲೇಶಿಗೆ ಗೊತ್ತಿರಲಿಲ್ಲ. ಅವನ ಕಾಗದದ ಮೇಲೆ “ಪರಿಶೀಲಿಸಿದೆ” ಎಂದು ಕಣ್ಣು ಮುಚ್ಚಿ ಸಹಿ ಹಾಕಿದ ನನಗೂ ಗೊತ್ತಿರಲಿಲ್ಲ. ತಪ್ಪು ನನ್ನದೆಂದೇ ವರದಿಯಲ್ಲಿ ಬರೆದೆ.

ಬೈಲಹೊಂಗಲಕ್ಕೆ ಬಂದು ದಿಕ್ಕು ತಿದ್ದಿ ಲೆಕ್ಕವನ್ನು ಮತ್ತೆ ಓಡಿಸಿದೆ. ಗಂಗವ್ವ ಹೇಳಿದ್ದು ಅಕ್ಷರಶಃ ನಿಜ. ಮೂರನೆಯ ಗೋಪುರದ ವೇಕ್ ನೇರವಾಗಿ ನಾಲ್ಕನೆಯದಕ್ಕೆ ಬಡಿಯುತ್ತಿತ್ತು. ಹಾಗಾದರೆ ನಾಲ್ಕನೆಯದು ಎಲ್ಲಿ ನಿಲ್ಲಬೇಕು? ಪರದೆಯ ಮೇಲೆ ಚುಕ್ಕೆ ಸರಿದು ಸರಿದು ಒಂದು ಕಡೆ ನಿಂತಿತು. ಹಿಗ್ಗಿಸಿ ನೋಡಿದೆ. ಕಣ. ಅವಳ ಕಣದ ಮೇಟಿ ಕಂಬ.

ಎರಡು ದಿನ ಊಟ ರುಚಿಸಲಿಲ್ಲ. ಹಳೆಯ ಜಾಗದಲ್ಲೇ ಗೋಪುರ ನಿಲ್ಲಿಸಿಬಿಟ್ಟರೆ ಕೊಟ್ಟ ಮಾತು ಉಳಿಯುತ್ತಿತ್ತು, ಆದರೆ ಇಪ್ಪತ್ತೈದು ವರ್ಷ ಆ ಯಂತ್ರ ಅರೆಹೊಟ್ಟೆಯಲ್ಲಿ ತಿರುಗುತ್ತಿತ್ತು. ಬೇರೆ ಜಾಗ ಹುಡುಕಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಕೊನೆಗೆ ಗುಡ್ಡ ಹತ್ತಿದೆ. ಈ ಸಲ ಕಣದ ಹೊರಗೇ ಬೂಟು ಕಳೆದೆ. ಎಲ್ಲ ಹೇಳಿ, “ನೀವು ಒಲ್ಲೆ ಅಂದ್ರ ಒಲ್ಲೆನ, ನಾನು ಮಾತು ಮುರಿಯೋದಿಲ್ಲ,” ಎಂದೆ.

ಗಂಗವ್ವ ಕೆಂಡವಾದಳು. “ಖರೇ ಹೇಳಿದ್ದಕ್ಕ ನನ್ನ ಕಣಾನ ಕೇಳಾಕ ಬಂದೀರೇನು? ಭಾಳ ಚಲೋ ಆತು!” ಎಂದು ಮೊರ ಬಿಸಾಕಿ ಬೆನ್ನು ತಿರುಗಿಸಿ ಕುಳಿತಳು. ನಾನು ಏಳಲಿಲ್ಲ. ಕಡೆಗೆ ಆಕೆಯೇ ತಿರುಗಿ, ಗೋಪುರದ ಫ್ಯಾನು ನೆಡುವಾಗ ಏನೇನು ಮಾಡುತ್ತೀರಿ ಎಂದು ಕೇಳಿದಳು. ಬುನಾದಿ ತೋಡುತ್ತೇವೆ, ಪಕ್ಕದಲ್ಲಿ ದೊಡ್ಡ ಕ್ರೇನ್ ನಿಲ್ಲಲು ಗರಸು ಹಾಕಿ ರೋಲರ್ ಹೊಡೆದು ಗಟ್ಟಿ ಪ್ಯಾಡ್ ಮಾಡುತ್ತೇವೆ, ಕೆಲಸ ಮುಗಿದ ಮೇಲೆ ಅದು ಖಾಲಿ ಬೀಳುತ್ತದೆ ಎಂದೆ.

“ಗಟ್ಟಿ ನೆಲ? ಸಪಾಟ?”

“ಹೌದು ಬೇ.”

“ಹಂಗಾರ ಆ ಪ್ಯಾಡು ಫ್ಯಾನಿನ ಕಂಬದ ಪಡುವಣಕ್ಕ ಮಾಡ್ರಿ. ನನಗ ಮೊದಲ ಗಾಳಿ ಸಿಗಬೇಕು, ನಿಮ್ಮ ಫ್ಯಾನಿಗೆ ಆಮ್ಯಾಲೆ. ಮ್ಯಾಲ ತಿರುಗೂದು ತಿರುಗಲಿ, ಕೆಳಗ ನಾ ತೂರತೇನಿ. ಹೊಳ್ಳಿ ಅದನ್ನ ಅಗೀಬಾರದು. ಬರದ ಕೊಡ್ರಿ, ಈ ಸಲ ಬರೇ ಬಾಯಿಮಾತ ನಡ್ಯಂಗಿಲ್ಲ.”

ನಮ್ಮ ನಕ್ಷೆಯಲ್ಲಿ ಪ್ಯಾಡ್ ಪೂರ್ವಕ್ಕಿತ್ತು. ಕಂಪನಿಯವರೊಂದಿಗೆ ಗುದ್ದಾಡಿ ಪಶ್ಚಿಮಕ್ಕೆ ಬದಲಿಸಿ, ಬರೆದೂ ಕೊಟ್ಟೆ. ಬುನಾದಿ ತೋಡುವ ದಿನ ಜೆಸಿಬಿ ಬರುವ ಮೊದಲು ಗಂಗವ್ವ ತಾನೇ ಮೇಟಿ ಕಂಬ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋದಳು. ಅವತ್ತು ನನಗೆ ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಹೆಸರಿನ ಸುಗ್ಗಿಗೆ ಹೋದಾಗ ಪ್ಯಾಡನ್ನು ಸಗಣಿಯಿಂದ ಸಾರಿಸಿದ್ದರು. ನಡುವೆ ಅದೇ ಮೇಟಿ. ಮೇಲೆ ನಾಲ್ಕನೆಯ ಯಂತ್ರ ತಿರುಗುತ್ತಿತ್ತು, ಕೆಳಗೆ ಹೊಟ್ಟು ಪೂರ್ವಕ್ಕೆ ಹಾರುತ್ತಿತ್ತು. ಒಂದು ವರ್ಷ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಅವತ್ತು ಕೇಳಿಯೇ ಬಿಟ್ಟೆ. “ಅವತ್ತು ನೀವು ಬಾಯಿ ಬಿಡದಿದ್ದರೆ ಹಳೇ ಕಣ ಉಳೀತಿತ್ತು. ಫ್ಯಾನು ಇಲ್ಲಿಗೇ ಬರತೈತಿ ಅಂತ ನಿಮಗೆ ಗೊತ್ತಿರಲಿಲ್ಲೇನು?”

“ಗೊತ್ತಿತ್ರಿ,” ಎಂದಳು ಗಂಗವ್ವ, ಮೊರ ಎತ್ತುತ್ತ. “ನಮ್ಮ ಮಾವ ಗಾಳಿ ಹುಡುಕೇ ಅಲ್ಲಿ ಕಣಾ ಮಾಡಿದ್ದು. ನೀವೂ ಗಾಳಿ ಹುಡಕೋತ ಬಂದವರು, ಮತ್ತೆಲ್ಲಿಗೆ ಹೋಗ್ತೀರಿ? ಆದ್ರ ಗಾಳಿ ವಿಷ್ಯಾದಾಗ ಸುಳ್ಳ ಹೇಳಿ, ನಾಳೆ ಅದರ ಮುಂದ ಮೊರ ಹಿಡದ ಹೆಂಗ ನಿಂದರಲಿ?”

ಜಗತ್ತು ಕಲ್ಲಿದ್ದಲು ಬಿಟ್ಟು ಗಾಳಿಯ ಕಡೆ ಹೊರಳುತ್ತಿದೆ. ಹೊಸ ಹೊಸ ಉಪಕರಣಗಳು ಬರುತ್ತಿವೆ, ಬರಲಿ, ನನಗೂ ಅವುಗಳ ಮೇಲೆ ಆಸೆಯೇ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ. ಗುಡ್ಡ ಹತ್ತಿದ ಕೂಡಲೇ ಲ್ಯಾಪ್‌ಟಾಪ್ ತೆರೆಯಬೇಡಿ. ಊರಿನ ಕಣ ಎಲ್ಲಿದೆ ಎಂದು ಮೊದಲು ಕೇಳಿ. ಅಲ್ಲಿಗೆ ಹೋಗಿ, ಬೂಟು ಕಳೆದು ಕುಳಿತುಕೊಳ್ಳಿ.