ದಿನಾಂಕ ಹಿಂದಕ್ಕೆ ತಿರುಗಿಸಿದ್ದು

ಬಿಟ್ಟಿ ಸಿಗುವ ಯಾವುದರ ಮೇಲೂ ನನಗೆ ನಂಬಿಕೆಯಿಲ್ಲ. ಮದುವೆಮನೆಯಲ್ಲಿ ತಾಂಬೂಲದ ಚೀಲ ಕೈಗಿಟ್ಟರೂ ಒಳಗಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಪೈಕಿ. ಅಂಥ ನಾನೇ ಒಂದು ಕಾಲಕ್ಕೆ ಹೊಳೆನರಸೀಪುರದ ಮೇಷ್ಟ್ರುಗಳಿಗೆಲ್ಲ ಬಿಟ್ಟಿ ತಂತ್ರಾಂಶ ಹಂಚುವವನಾಗಿದ್ದೆ ಎಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ನನಗೆ ಮಾತ್ರ ನಗು ಬರುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಹಳ್ಳಿಮೈಸೂರಿನ ಕಡೆಯ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಮನೆ ಹೊಳೆನರಸೀಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಶಾಲೆಗೆ ಯಾರೋ ಪುಣ್ಯಾತ್ಮರು ಹಳೆಯ ಕಂಪ್ಯೂಟರೊಂದನ್ನು ದಾನ ಮಾಡಿದರು. ಅದನ್ನು ಪೂಜೆ ಮಾಡಿ, ಕುಂಕುಮವಿಟ್ಟು, ಹೂ ಮುಡಿಸಿ ಆದ ಮೇಲೆ ಯಾವ ಗುಂಡಿ ಒತ್ತಬೇಕೆಂಬ ಪ್ರಶ್ನೆ ಬಂತು. ನಾನು ಒತ್ತಿದೆ. ಅಂದಿನಿಂದ ನಾನೇ ಕಂಪ್ಯೂಟರ್ ಇನ್‌ಚಾರ್ಜ್. ನಿವೃತ್ತಿಗೆ ಐದು ವರ್ಷವಿದ್ದ ನಮ್ಮ ಮುಖ್ಯೋಪಾಧ್ಯಾಯರು ಅದನ್ನು ಕೊನೆಯವರೆಗೂ ‘ನಿಮ್ಮ ಪೆಟ್ಟಿಗೆ’ ಎಂದೇ ಕರೆದರು.

ಪೆಟ್ಟಿಗೆಯೇನೋ ಬಂತು, ಒಳಗೆ ಏನೂ ಇರಲಿಲ್ಲ. ಕನ್ನಡ ಬರೆಯಲು ಅಕ್ಷರ ಇಲ್ಲ, ವೈರಸ್ ಹಿಡಿಯಲು ಏನೂ ಇಲ್ಲ. ಹಾಗಾಗಿ ಶನಿವಾರ ಅರ್ಧ ದಿನದ ಶಾಲೆ ಮುಗಿದ ಕೂಡಲೇ ಹಾಸನದ ಬಸ್ಸು ಹತ್ತುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರ ಮೆಟ್ಟಿಲಿನ ಮೇಲೊಂದು ಸೈಬರ್ ಸೆಂಟರ್. ಅಲ್ಲಿ ಕೂತು ಬಿಟ್ಟಿ ಸಿಗುವುದನ್ನೆಲ್ಲ ಹುಡುಕಿ ಇಳಿಸಿಕೊಳ್ಳುವುದು: ದೊಡ್ಡ ಕಡತವನ್ನು ಅಮುಕಿ ಚಿಕ್ಕದು ಮಾಡುವುದು, ವೈರಸ್ ಹುಡುಕುವುದು, ಕನ್ನಡ ಟೈಪಿಸುವುದು. ಒಂದೊಂದನ್ನೂ ಏಳೆಂಟು ಫ್ಲಾಪಿಗಳಿಗೆ ಸೀಳಿ ತುಂಬಿಕೊಂಡು, ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿಟ್ಟು ತರುತ್ತಿದ್ದೆ. ಬಸ್ಸಿನ ಸ್ಪೀಕರಿನೊಳಗಿನ ಅಯಸ್ಕಾಂತ ಫ್ಲಾಪಿಯನ್ನು ಅಳಿಸಿಬಿಡುತ್ತದೆಂದು ಎಲ್ಲೋ ಓದಿದ್ದೆ. ಸೀಟು ಖಾಲಿಯಿದ್ದರೂ ಸ್ಪೀಕರಿನ ಕೆಳಗೆ ಕೂರದೆ, ಡಬ್ಬಿ ಅಪ್ಪಿಕೊಂಡು ನಿಂತೇ ಬರುತ್ತಿದ್ದೆ. ಸೋಮವಾರ ಶಾಲೆಯಲ್ಲಿ ಹಾಕಿ ನೋಡಿದರೆ ಎಂಟರಲ್ಲಿ ಆರನೆಯ ಫ್ಲಾಪಿ ಓದುತ್ತಿರಲಿಲ್ಲ. ಮುಂದಿನ ಶನಿವಾರ ಮತ್ತೆ ಪ್ರಯಾಣ.

ಇದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಜಾಲತಾಣ ಯಾವುದು, ಪುಕ್ಕಟೆ ಇಮೇಲ್ ಎಲ್ಲಿ, ಇಂಗ್ಲಿಷ್ ನಿಘಂಟು ಎಲ್ಲಿ ಎಂದು ಅರಕಲಗೂಡು, ಚನ್ನರಾಯಪಟ್ಟಣದ ಮೇಷ್ಟ್ರುಗಳು ಕೂಡ ತರಬೇತಿಗೆ ಸೇರಿದಾಗ ನನ್ನನ್ನು ಕೇಳಿ ಬರೆದುಕೊಳ್ಳುತ್ತಿದ್ದರು, ನನ್ನ ಫ್ಲಾಪಿಗಳ ನಕಲು ಒಯ್ಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಗುತ್ತಿತ್ತು.

ಆ ಸಾಲಿನಲ್ಲೇ ಪ್ರಮಾಣಪತ್ರ ಮಾಡುವ ತಂತ್ರಾಂಶವೊಂದು ಸಿಕ್ಕಿತು. ಹೆಸರು, ತಂದೆಯ ಹೆಸರು, ತರಗತಿ ತುಂಬಿದರೆ ಸುತ್ತ ಅಂಚು ಹಾಕಿ, ಕೆಳಗೆ ದಿನಾಂಕ ತಾನೇ ನಮೂದಿಸಿ ಅಚ್ಚುಕಟ್ಟಾದ ಪತ್ರ ಕೊಡುತ್ತಿತ್ತು. ತಿಂಗಳು ತುಂಬಿದ ದಿನ ತೆರೆದರೆ, ಮೂವತ್ತು ದಿನ ಮುಗಿಯಿತು, ಇನ್ನು ಕೊಂಡುಕೊಳ್ಳಿ ಎಂದು ಚೌಕವೊಂದು ಬಂದು ಕೂತಿತು. ನಾನು ಉಚಿತ ಎಂದುಕೊಂಡದ್ದು ಬರೀ ಪರೀಕ್ಷಾರ್ಥವಾಗಿತ್ತು. ಹಾಸನಕ್ಕೆ ಹೋಗಿ ಸೈಬರ್ ಸೆಂಟರಿನ ಮಾಲೀಕನ ಮುಂದೆ ಗೋಳು ತೋಡಿಕೊಂಡೆ.

“ಅಯ್ಯೋ, ಇದಕ್ಯಾಕ್ ಸಾರ್ ಇಷ್ಟ್ ತಲೆ ಕೆಡಿಸ್ಕೋತೀರ?” ಎಂದು ಅವನು ನಕ್ಕ. “ಇವತ್ತು ಯಾವ ತಾರೀಕು ಅಂತ ಸಾಫ್ಟ್‌ವೇರ್‌ಗೇನ್ ಗೊತ್ತು? ನೀವ್ ಹೇಳಿದ್ದೇ ತಾರೀಕು. ಮೂಲೇಲಿ ಗಡಿಯಾರ ಇದೆಯಲ್ಲ, ಅದನ್ನ ಹಿಂದಕ್ಕೆ ತಿರುಗ್ಸಿ, ಆಮೇಲೆ ಓಪನ್ ಮಾಡಿ. ಓಪನ್ ಆದ್ಮೇಲೆ ಮತ್ತೆ ಇವತ್ತಿಗೆ ತನ್ನಿ. ಅದು ಬಾಗಿಲಲ್ಲಿ ಮಾತ್ರ ಕೇಳತ್ತೆ, ಒಳಗೋದ್ಮೇಲೆ ಕೇಳಲ್ಲ.”

ಹಾಗೆ ಮೂರು ವರ್ಷ ಕಳೆದೆ. ಪ್ರತಿ ಸಲವೂ ಕಂಪ್ಯೂಟರನ್ನು ಅದೇ ಹಳೆಯ ಜೂನ್ ತಿಂಗಳಿಗೆ ಕರೆದೊಯ್ಯುವುದು, ತಂತ್ರಾಂಶ ತೆರೆಯುವುದು, ಮರಳಿ ಇವತ್ತಿಗೆ ತರುವುದು. ನನ್ನ ಚಿಂತೆಗಳೆಲ್ಲ ಬೇರೆ ಕಡೆ ಇದ್ದವು. ವೈರಸ್ ಬಂದೀತೆಂದು ದಿನಕ್ಕೆ ಮೂರು ಸಲ ಹುಡುಕುತ್ತಿದ್ದೆ, ಸಿಡಿಲಿಗೆ ಹೆದರಿ ಮೋಡ ಕಂಡರೆ ತಂತಿ ಕೀಳುತ್ತಿದ್ದೆ, ಇಲಿ ಹೊಕ್ಕೀತೆಂದು ಹಿಂದಿನ ತೂತಿಗೆ ಬಟ್ಟೆ ತುರುಕಿ ಒಮ್ಮೆ ಸುಟ್ಟ ವಾಸನೆ ಬರಿಸಿದ್ದೆ. ಚಿಂತೆ ಮಾಡಬೇಕಾದ ಒಂದೇ ಒಂದು ಜಾಗದಲ್ಲಿ ನಿಶ್ಚಿಂತನಾಗಿದ್ದೆ.

ಆ ವರ್ಷ ಮಳೆಗಾಲದ ಶುರುವಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಶಾಲೆಗೆ ಬಂದಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು, ಮೇಡಂ ಆಗಬೇಕೆಂದು ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಾಳೆಂಬ ಗ್ರಾಮೀಣ ಪ್ರಮಾಣಪತ್ರವಿದ್ದರೆ ಅದರ ಮೀಸಲಾತಿಯಲ್ಲಿ ಹಾಸನದ ಸರ್ಕಾರಿ ಸೀಟು ಸಿಗುವ ಹಾಗಿತ್ತು.

“ಸಾ, ಹಾಸ್ನದಾಗೆ ಸಿಕ್ರೆ ಓದ್ತಾಳೆ, ಇಲ್ದಿದ್ರೆ ಇಲ್ಲ ಕಣ್ ಸಾ,” ಎಂದಳು ತಾಯಿ. ಗಂಡ ತೀರಿಕೊಂಡು ಎರಡು ಹಸುಗಳ ಹಾಲಿನಲ್ಲಿ ಮನೆ ನಡೆಸುತ್ತಿದ್ದ ಹೆಂಗಸು. “ಬೆಳಗ್ಗೆ ಆಲ್ ಕರ್ದು ಡೈರಿಗಾಕಿ ಬಸ್ ಅತ್ತಿದ್ರೆ ಸಂಜೆ ಕರ್ಯೋ ಒತ್ಗೆ ಬಂದ್ಬುಡ್ತಾಳೆ. ಆಸ್ಟ್ಲು ಗೀಸ್ಟ್ಲು ಅಂದ್ರೆ ಆಗಕಿಲ್ಲ. ನನ್ ಕೈ ನೋಡಿ.” ಬಲ ಮಣಿಕಟ್ಟು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬೆರಳು ಮಡಚಿ ತೋರಿಸಿದಳು. ಅರ್ಧಕ್ಕೇ ನಿಂತವು.

“ಅರ್ಧ ಗಂಟೆ ಕೂತ್ಕೊಳಮ್ಮ, ಪ್ರಿಂಟ್ ತೆಗೆದು ಕೊಡ್ತೀನಿ,” ಎಂದೆ. ದಿನಾಂಕ ಹಿಂದಕ್ಕೆ ತಿರುಗಿಸಿದೆ, ತಂತ್ರಾಂಶ ತೆರೆದೆ, ಮುಂದಕ್ಕೆ ತಂದೆ, ಹೆಸರು ತುಂಬಿದೆ. ಕರೆಂಟು ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಬಂತು. ಮತ್ತೆ ಮೊದಲಿಂದ. ಅಷ್ಟರಲ್ಲಿ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಲು ಅವರು ಹಿಡಿಯಬೇಕಿದ್ದ ಹೊಳೆನರಸೀಪುರದ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ತಾಯಿ ರಸ್ತೆಗೆ ಓಡಿ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಳು. ನಾನು ಪ್ರಿಂಟ್ ಕೊಟ್ಟೆ. ಮುಖ್ಯೋಪಾಧ್ಯಾಯರು ನಿಂತಲ್ಲೇ ಸಹಿ ಹಾಕಿದರು, ಸೀಲು ಬಿತ್ತು. ಹುಡುಗಿ ಪತ್ರವನ್ನು ಎದೆಗೊತ್ತಿಕೊಂಡು ಓಡಿದಳು. ಎರಡನೆಯ ಸಲ ತಾರೀಕನ್ನು ಇವತ್ತಿಗೆ ಮರಳಿ ತರುವುದನ್ನು ನಾನು ಮರೆತಿದ್ದೆ.

ಸೀಟು ಹಂಚುವ ಕೌನ್ಸೆಲಿಂಗ್ ದಿನ ಬೆಳಗ್ಗೆ ಹತ್ತೂವರೆಗೆ ಶಾಲೆಯ ಫೋನು ಹೊಡೆದುಕೊಂಡಿತು. ಹಾಸನದ ಎಸ್‌ಟಿಡಿ ಬೂತಿನಿಂದ ಆ ತಾಯಿ.

“ಸಾ, ಪತ್ರ ಸುಳ್ಳು ಅಂತಾವ್ರೆ ಸಾ! ತಾರೀಕ್ ನೋಡುದ್ರೆ ಇವಳು ಅತ್ನೇ ಕ್ಲಾಸ್ಗೆ ಸೇರ್ದಾಗ್ಲೇ ಅತ್ತು ಮುಗ್ಸವ್ಳೆ ಅಂತ ಬರ್ಕೊಟ್ಟವ್ರೆ, ಎಲ್ಲಿ ಮಾಡ್ಸುದ್ರಿ ಇದ್ನ ಅಂತ ಕೇಳ್ತಾವ್ರೆ. ಇವಳ ನಂಬ್ರು ಮದ್ಯಾನ ಬತ್ತದಂತೆ. ಬೇರೆ ಪತ್ರ ತಂದ್ರೆ ಸರಿ, ಇಲ್ದಿದ್ರೆ ಅಳ್ಳಿ ಲೆಕ್ಕ ಇಲ್ವಂತೆ. ಏನ್ ಸಾ ಇದು?”

“ಬರ್ತಾ ಇದ್ದೀನಿ, ಅಲ್ಲೇ ಇರಿ,” ಎಂದೆ.

ಕರೆಂಟು ಇರಲಿಲ್ಲ. ಮುಖ್ಯೋಪಾಧ್ಯಾಯರು ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಇಂಕ್ ಪೆನ್ನಿನಲ್ಲಿ ಹೊಸ ಪ್ರಮಾಣಪತ್ರವನ್ನು ಹತ್ತು ನಿಮಿಷದಲ್ಲಿ ಬರೆದರು. “ಜೊತೇಲೊಂದು ವಿವರಣೆ ಕೊಡ್ಬೇಕಾಗತ್ತೆ. ಹೇಗಾಯ್ತ್ರೀ ಮೇಷ್ಟ್ರೇ ಇದು?” ಎಂದರು.

“ಕಂಪ್ಯೂಟರ್ ಮಿಸ್ಟೇಕ್ ಸಾರ್,” ಎಂದೆ.

ಕರೆಂಟ್ ಬಿಲ್ಲಿನಿಂದ ಮತದಾರರ ಪಟ್ಟಿಯವರೆಗೆ ಆಗ ಎಲ್ಲ ತಪ್ಪಿಗೂ ಅದೇ ಉತ್ತರ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ನಿಮ್ಮ ಪೆಟ್ಟಿಗೆ ಮೇಲೆ ನನಗೆ ಮೊದಲೇ ಅನುಮಾನ ಇತ್ತು,” ಎನ್ನುತ್ತಾ ‘ಗಣಕಯಂತ್ರದ ದೋಷದಿಂದ’ ಎಂದು ಬರೆದುಕೊಟ್ಟರು. ಹೊಳೆನರಸೀಪುರದಲ್ಲಿ ಮೇಲುರುಜು ಬೇಗ ಸಿಕ್ಕಿತು. ಒಂದೂವರೆಗೆ ಹಾಸನದಲ್ಲಿದ್ದೆ.

ತಾಯಿ ಮಗಳು ಮೊದಲನೇ ಮಹಡಿಯ ಮೆಟ್ಟಿಲ ಹತ್ತಿರ ನಿಂತಿದ್ದರು. ಹುಡುಗಿಯ ಸರದಿಗೆ ಇನ್ನೂ ಹದಿನಾಲ್ಕು ಜನ ಇದ್ದರು. ದಾಖಲೆ ನೋಡುವ ಮೇಜಿನಲ್ಲಿದ್ದ ಮೇಡಂ ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು.

“ಗಣಕಯಂತ್ರದ ದೋಷ ಅಂದ್ರೆ? ನಿಮ್ಮ ಗಣಕಯಂತ್ರ ತಾನಾಗೇ ಮೂರು ವರ್ಷ ಹಿಂದಕ್ಕೆ ಹೋಗಿ ಕೂತ್ಕೊಂಡ್ತಾ? ಇದಕ್ಕೆ ಸಹಿ ಹಾಕೋಕೆ ನಿಮ್ಮ ಕಂಪ್ಯೂಟರ್‌ನೇ ಕರ್ಕೊಂಡ್ ಬನ್ನಿ.” ಸಾಲಿನಲ್ಲಿದ್ದವರು ನಕ್ಕರು. “ನೋಡಿ ಸರ್, ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಉತ್ತರ ಹೇಳೋಳು ನಾನು. ಟೈಪ್ ಮಾಡಿದ್ದು ಯಾರು?”

“ನಾನೇ ಮೇಡಂ.”

“ಹಾಗಿದ್ರೆ ಸುಲಭ ಆಯ್ತು. ನನ್ನಿಂದ ಹೀಗೆ ತಪ್ಪಾಯ್ತು, ಇಂಥ ಕಾರಣಕ್ಕೆ ಆಯ್ತು ಅಂತ ಬರೆದು ಸಹಿ ಹಾಕ್ಕೊಡಿ. ಈಗಲೇ ತಗೋತೀನಿ.”

ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಹುಡುಗಿ ತನ್ನ ಪೆನ್ನು ಕೊಟ್ಟಳು.

ನಾನು ಪೆನ್ನಿನ ಮುಚ್ಚಳ ತೆಗೆದೆ. ಏನೆಂದು ಬರೆಯುವುದು? ಅವಧಿ ಮುಗಿದ ತಂತ್ರಾಂಶವನ್ನು ಸರ್ಕಾರಿ ಶಾಲೆಯಲ್ಲಿ ಮೂರು ವರ್ಷ ಮೋಸದಿಂದ ನಡೆಸಿದ್ದೇನೆ ಎಂದೇ? ನನ್ನ ತಲೆ ಯಾವತ್ತಿನಂತೆ ಓಡತೊಡಗಿತು. ಮೆಮೊ, ವಿಚಾರಣೆ, ಅಮಾನತು, ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ. ಮೂರು ವರ್ಷದಲ್ಲಿ ಕೊಟ್ಟ ಪತ್ರಗಳನ್ನೆಲ್ಲ ಹೊರಗೆ ತೆಗೆಸುತ್ತಾರೆ. ಆ ಫ್ಲಾಪಿಗಳನ್ನು ನನ್ನಿಂದ ಪಡೆದ ಅಷ್ಟೂ ಮೇಷ್ಟ್ರುಗಳು ಸಾಲಾಗಿ ನಿಂತು ನನ್ನತ್ತ ಬೆರಳು ತೋರಿಸುತ್ತಾರೆ.

“ಹೆಡ್‌ಮಾಸ್ಟರನ್ನ ಒಂದ್ ಮಾತು ಕೇಳಿ ಬರ್ದುಕೊಡ್ತೀನಿ ಮೇಡಂ,” ಎಂದೆ.

“ಬೇಗ ಬನ್ನಿ, ನಿಮ್ಮಿಷ್ಟ,” ಎಂದು ಅವರು ಮುಂದಿನವರನ್ನು ಕರೆದರು.

ಎಸ್‌ಟಿಡಿ ಬೂತಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಕಾದೆ. ಶಾಲೆಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಮೊದಲ ಪೀರಿಯಡ್, ಆಫೀಸಿಗೆ ಬೀಗ ಹಾಕಿ ಅವರು ತರಗತಿಯಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಮೂರು ಸಲ ಮಾಡಿದೆ. ಅವರು ಎತ್ತಿದ್ದರೆ ಏನು ಕೇಳುತ್ತಿದ್ದೆನೆಂದು ಇವತ್ತಿಗೂ ನನಗೆ ತಿಳಿಯದು.

ವಾಪಸು ಬಂದು, ನಿಂತಲ್ಲೇ ಮೂರು ಸಾಲು ಬರೆದೆ: ತಂತ್ರಾಂಶವೊಂದನ್ನು ತೆರೆಯುವ ಸಲುವಾಗಿ ಗಣಕಯಂತ್ರದ ದಿನಾಂಕವನ್ನು ನಾನೇ ಹಿಂದಕ್ಕೆ ಬದಲಿಸಿದ್ದು, ಮುದ್ರಿಸುವ ಮುನ್ನ ಸರಿಪಡಿಸಲು ಮರೆತಿರುತ್ತೇನೆ. ಮೇಡಂ ಓದಿದರು. “ಇಷ್ಟೇನಾ?” ಎಂದು, ತಲೆ ಕೂಡ ಎತ್ತದೆ ಸೀಲು ಒತ್ತಿದರು. ಆ ಹಾಳೆಯ ಬಗ್ಗೆ ಆಮೇಲೆ ಯಾರೂ ಏನೂ ಕೇಳಲಿಲ್ಲ. ಮೆಮೊ ಬರಲಿಲ್ಲ, ವಿಚಾರಣೆ ನಡೆಯಲಿಲ್ಲ.

ಆದರೆ ಹುಡುಗಿಯ ಸರದಿ ಬಂದು ಹೋಗಿತ್ತು. ಸೀಟು ಹಂಚುವ ಕೋಣೆಯೊಳಗೆ ತಾಯಿ, “ನಮ್ ಸಾ ಪೋನ್ ಮಾಡಕ್ ಓಗವ್ರೆ, ಒಂದ್ ಗಳ್ಗೆ ತಡೀರಿ ಸ್ವಾಮಿ,” ಎಂದು ಕೇಳಿದ್ದಳಂತೆ. ಅಲ್ಲಿದ್ದವರು ಕಾಯುವಷ್ಟು ಕಾದು ಮುಂದಿನವರನ್ನು ಕರೆದಿದ್ದರು. ನಾನು ಸೀಲು ಬಿದ್ದ ಪತ್ರ ಹಿಡಿದು ಒಳಗೆ ನುಗ್ಗುವ ಹೊತ್ತಿಗೆ ಗ್ರಾಮೀಣ ಮೀಸಲಿನಲ್ಲಿದ್ದ ಹಾಸನದ ಕೊನೆಯ ಸೀಟು ಅವಳ ಹಿಂದಿನವಳ ಹೆಸರಿಗೆ ಬರೆದಾಗಿತ್ತು. ಚನ್ನರಾಯಪಟ್ಟಣದಲ್ಲಿ ಇದೆ, ಬೇಕಾದರೆ ಈಗಲೇ ಹೇಳಿ ಎಂದರು.

“ತಗೊಳ್ಳಮ್ಮ,” ಎಂದೆ ನಾನು. “ಅಲ್ಲಿ ಹಾಸ್ಟೆಲ್ ಇದೆ. ಶ್ರವಣಬೆಳಗೊಳದ ಕಡೆ ನನ್ನ ಸ್ನೇಹಿತರಿದ್ದಾರೆ, ನೋಡ್ಕೋತಾರೆ. ಎರಡೇ ವರ್ಷ.”

ತಾಯಿ ನನ್ನತ್ತ ತಿರುಗಿದಳು. “ಎರಡ್ ವರ್ಷ ನಮ್ಮನೆ ಅಸ ಯಾರ್ ಕರೀತಾರೆ ಸಾ? ನಿಮ್ ಕಂಪೂಟ್ರು ಕರೀತದಾ?”

ಹುಡುಗಿ ತಾಯಿಯ ಸೆರಗು ಹಿಡಿದು, “ಬ್ಯಾಡ ಬಾ ಕಣವ್ವ,” ಎಂದಳು. ಅಧಿಕಾರಿ ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದರು.

ಹೊಳೆನರಸೀಪುರದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ತಾಯಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅರ್ಧ ದಾರಿಯಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು: “ಸಾರ್, ಬರ್ದುಕೊಡಿ ಅಂದಾಗ್ಲೇ ಯಾಕ್ ಬರೀಲಿಲ್ಲ?”

“ಹೆದರ್ಕೊಂಡೆ ಕಣಮ್ಮ.”

“ಯಾರ್ಗೆ ಸಾರ್?”

ಅವಳು ವ್ಯಂಗ್ಯಕ್ಕೆ ಕೇಳಿರಲಿಲ್ಲ. ತರಗತಿಯಲ್ಲಿ ಲೆಕ್ಕದ ನಡುವಿನ ಹೆಜ್ಜೆಯೊಂದು ತಿಳಿಯದಿದ್ದಾಗ ಕೇಳುತ್ತಿದ್ದ ದನಿಯೇ. ನಾನು ತಂತ್ರಾಂಶದ ಕತೆ ಹೇಳಿದೆ, ಮೂವತ್ತು ದಿನದ ಕತೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ತಾಯಿ ಕಣ್ಣು ತೆರೆಯದೆಯೇ, “ಬುಡವ್ವ, ಈಗ ಕೇಳಿ ಏನಾಗ್ಬೇಕು,” ಎಂದಳು.

ಮರುದಿನವೇ ಆ ತಂತ್ರಾಂಶವನ್ನು ಅಳಿಸಿದೆ. ನಿಜವಾಗಿಯೂ ಉಚಿತವಾಗಿದ್ದ, ಯಾವ ಗಡುವೂ ಇಲ್ಲದ ಕನ್ನಡದ ತಂತ್ರಾಂಶ ಆಗಲೇ ಸಿಗುತ್ತಿತ್ತು. ಅಂಚಿನ ಚಿತ್ತಾರ ಇಲ್ಲವೆಂದು ನಾನೇ ಅದನ್ನು ಬದಿಗಿಟ್ಟಿದ್ದೆ. ಈಗ ಅದನ್ನು ಹಾಕಿದೆ.

ಮುಂದಿನ ವರ್ಷ ಅರ್ಜಿ ಕರೆದಾಗ ಫಾರಂ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಹುಡುಗಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. “ಅಲ್ಲಿ ಜಗ್ಲಿ ಮೇಲೆ ಮಡ್ಗಿ ಸಾರ್, ಕೈ ತೊಳ್ಕಂಡು ನೋಡ್ತೀನಿ,” ಎಂದಳು. ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಚೊಂಬು ಇಟ್ಟು ಬಂದೆ. ಕೊನೆಯ ದಿನಾಂಕದವರೆಗೂ ಪ್ರತಿದಿನ ಶಾಲೆಗೆ ಹೋದ ಕೂಡಲೇ ಕಂಪ್ಯೂಟರ್ ಹಾಕಿ, ಮೂಲೆಯ ತಾರೀಕನ್ನು ಗೋಡೆಯ ಕ್ಯಾಲೆಂಡರಿನ ಜೊತೆ ತಾಳೆ ನೋಡಿ ಕೂರುತ್ತಿದ್ದೆ. ಗ್ರಾಮೀಣ ಪತ್ರ ಕೇಳಿಕೊಂಡು ಅವರ ಮನೆಯಿಂದ ಯಾರೂ ಬರಲಿಲ್ಲ.